ಹದಿನೈದು ಸೊನ್ನೆಗಳು

ಗಂಗಾಮಣಿ ಮೇಡಂ ನನ್ನ ಹಾಳೆ ನೋಡಿದವರೇ, "ಮನೇಲಿ ಕೂತು ತುಂಬಿಸ್ದೆಯಾ?" ಎಂದು ಕೇಳಿದರು.

"ಇಲ್ಲ ಮೇಡಂ. ಲೈನಿಗೆ ಹೋಗಿ ಒಬ್ಬೊಬ್ಬರನ್ನೇ ಕೂರಿಸ್ಕೊಂಡು ಕೇಳಿದೀನಿ."

"ಹದಿನೈದು ಜನ, ಹದಿನೈದೂ ಸೊನ್ನೆ. ಮನುಷ್ಯರು ಹೀಗಿರಲ್ಲಮ್ಮ."

ಬೇರೆ ಯಾರಾದರೂ ಆಗಿದ್ದರೆ ಅಳುತ್ತಿದ್ದರು, ಇಲ್ಲವೇ ಆಣೆ ಪ್ರಮಾಣ ಮಾಡುತ್ತಿದ್ದರು. ನನಗೆ ಅಂಥದ್ದೇನೂ ಬರುತ್ತಿರಲಿಲ್ಲ. ಬಹಳ ಹೊತ್ತು ಮಡಚಿಕೊಂಡು ಕೂತ ಕಾಲು ಜೋಮು ಹಿಡಿಯುತ್ತದಲ್ಲ, ನಾನು ಒಟ್ಟಾರೆ ಹಾಗಿದ್ದೆ. ಯಾವಾಗಿನಿಂದ ಎಂದು ನೆನಪಿಲ್ಲ.

2003ರ ಮಾತು. ಹಾಸನದ ಕಾಲೇಜೊಂದರಲ್ಲಿ ನಾನು ಬಿ.ಎ. ಕೊನೆಯ ವರ್ಷದ ಮನಶ್ಶಾಸ್ತ್ರದಲ್ಲಿದ್ದೆ. ಆ ವರ್ಷ ಸಂಖ್ಯಾಶಾಸ್ತ್ರವೂ ಸಂಶೋಧನಾ ವಿಧಾನವೂ ಒಟ್ಟಿಗೇ ವಕ್ಕರಿಸಿದ್ದವು. ಮನಸ್ಸಿನ ಬಗ್ಗೆ ಓದೋಣ ಎಂದು ಸೇರಿದ ಹುಡುಗಿಯರೆಲ್ಲ ಸರಾಸರಿ, ಮಾನಕ ವಿಚಲನೆ ಎಂದು ತಲೆ ಚಚ್ಚಿಕೊಳ್ಳುತ್ತಿದ್ದೆವು. ಸರಾಸರಿಯಿಂದ ಜನ ಎಷ್ಟು ದೂರ ಚದುರಿದ್ದಾರೆ ಎಂದು ಹೇಳುವುದೇ ಮಾನಕ ವಿಚಲನೆ. ನನ್ನ ಜನ ಚದುರಿರಲೇ ಇಲ್ಲ. ಸೂತ್ರಕ್ಕೆ ಹಾಕಿದರೆ ಕೆಳಗಿನ ಅಂಕಿ ಸೊನ್ನೆ ಬಂದು, ಕ್ಯಾಲ್ಕುಲೇಟರು ಲೆಕ್ಕ ಮಾಡಲಾರೆ ಎಂದು ಮುಷ್ಕರ ಹೂಡಿತ್ತು.

ನನ್ನ ವಿಷಯ: 'ಎಸ್ಟೇಟ್ ಕಾರ್ಮಿಕ ಮಹಿಳೆಯರಲ್ಲಿ ಮೇಲ್ವಿಚಾರಕರ ಬಗೆಗಿನ ಭಯ'. ಮೇಡಂ ಕೊಟ್ಟ ಪಟ್ಟಿಯಲ್ಲಿ ಅದಿತ್ತು, ಬೆರಳಿಟ್ಟೆ. ಹನ್ನೆರಡು ಪ್ರಶ್ನೆ. ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ಮೂರರವರೆಗೆ ಅಂಕ. ಭಯ ಹೆಚ್ಚಿದಷ್ಟೂ ಅಂಕ ಹೆಚ್ಚು, ಒಟ್ಟು ಮೂವತ್ತಾರು. ಲೈನಿನಲ್ಲೇ, ಅಂದರೆ ಕೂಲಿಯವರ ಸಾಲುಮನೆಗಳಲ್ಲೇ, ವಾಸವಿದ್ದ ಎಂಟು ಹೆಂಗಸರು, ಹೊರಗಿನ ಊರಿಂದ ಕೆಲಸಕ್ಕೆ ಬರುವ ಏಳು ಹೆಂಗಸರು. ಯಾರಿಗೆ ಭಯ ಜಾಸ್ತಿ ಎಂದು ಹೋಲಿಸಬೇಕಿತ್ತು. "ಮೇಲ್ವಿಚಾರಕರು ಹತ್ತಿರ ಬಂದಾಗ ನಿಮಗೆ ಎದೆ ಹೊಡೆದುಕೊಳ್ಳುತ್ತದೆಯೇ?" ಎಂದು ಕೇಳಿದರೆ ಹದಿನೈದು ಜನವೂ ಗಿಣಿಪಾಠ ಒಪ್ಪಿಸಿದ ಹಾಗೆ "ಇಲ್ಲ ಕಣವ್ವ, ಯಾಕ್ ಹೊಡ್ಕಂತೈತೆ" ಎಂದಿದ್ದರು.

ಮೇಡಂ ಹಾಳೆ ಕೆಳಗಿಟ್ಟರು. "ಕೇಳಿದ್ದು ಯಾರು?"

"ನಾನೇ ಮೇಡಂ."

"ನೀನು ಅಂದ್ರೆ ಯಾರು?"

"ಮಂಜುಶ್ರೀ."

"ಅದಲ್ಲ. ಅವರಿಗೆ ನೀನು ಯಾರು?"

"ರೈಟರ್ ಲಕ್ಕಯ್ಯನವರ ಮಗಳು" ಎಂದೆ. ಹೇಳುತ್ತಿದ್ದಂತೆಯೇ ನನಗೂ ಅರ್ಥವಾಯಿತು. ವನಗೂರಿನ ಹತ್ತಿರ ನಾವಿದ್ದ ಕಾಫಿ ಎಸ್ಟೇಟಿನಲ್ಲಿ ಹಾಜರಿ ಹಾಕುವುದು, ಕೆಲಸ ಹಂಚುವುದು, ಯಾರು ಬೇಕು ಯಾರು ಬೇಡ ಎನ್ನುವುದು ಎಲ್ಲ ರೈಟರ ಕೈಯಲ್ಲಿ. ಅವರ ಮಗಳೇ ಪೆನ್ನು ಹಿಡಿದು ಬಂದು ರೈಟರೆಂದರೆ ಭಯವೇ ಎಂದು ಕೇಳಿದ್ದಳು! ಹಾವಿನ ಮರಿ ಬಂದು ಕಪ್ಪೆಯ ಯೋಗಕ್ಷೇಮ ವಿಚಾರಿಸಿದ ಹಾಗೆ.

ಮೇಡಂ ಬೈಯಲಿಲ್ಲ. ಅವರಿಗೆ ಒಂಥರಾ ಹುಮ್ಮಸ್ಸೇ ಬಂದಿತ್ತು. "ಇದೇ ನಿನ್ನ ಸಂಶೋಧನೆ. ಇನ್ನೊಬ್ಬರನ್ನು ಕಳಿಸು. ಅದೇ ಹೆಂಗಸರು, ಅದೇ ಪ್ರಶ್ನೆ. ಕೇಳೋರು ಬದಲಾದ್ರೆ ಉತ್ತರ ಎಷ್ಟು ಬದಲಾಗುತ್ತೆ ನೋಡು. ಹೆಸರು ಬರೀಬೇಡ, ನಂಬರ್ ಕೊಡು. ನಂಬರನ್ನೂ ಪುಸ್ತಕದ ಹಿಂದಿರೋ ಯಾದೃಚ್ಛಿಕ ಸಂಖ್ಯೆಗಳ ಪಟ್ಟಿ ನೋಡಿಯೇ ಕೊಡು, ಯಾರದ್ದು ಯಾವುದು ಅಂತ ಯಾರಿಗೂ ಗೊತ್ತಾಗಬಾರ್ದು, ತಿಳೀತಾ?"

ನಾನು ಕೋಲೆಬಸವನಂತೆ ತಲೆಯಾಡಿಸಿದೆ. ಆದರೆ ನಂಬರು ಆಗಲೇ ಕೊಟ್ಟಾಗಿತ್ತು. ಹೆಂಗಸರ ಪಟ್ಟಿ ಬೇಕಾದಾಗ ಅಪ್ಪನ ಹಾಜರಿ ಪುಸ್ತಕವನ್ನೇ ತೆಗೆದು, ಅದರಲ್ಲಿದ್ದ ಮೊದಲ ಹದಿನೈದು ಹೆಸರನ್ನು ಅದೇ ಸಾಲಿನಲ್ಲಿ ಒಂದರಿಂದ ಹದಿನೈದು ಎಂದು ಇಳಿಸಿಕೊಂಡಿದ್ದೆ. ಮತ್ತೆ ಬದಲಾಯಿಸುವುದು ಯಾರು ಎಂದು ಬಿಟ್ಟೆ.

ಹೋಗಿದ್ದು ನನ್ನ ಗೆಳತಿ ಶಾಜಿಯಾ. ಸಕಲೇಶಪುರ ಪೇಟೆಯ ಹುಡುಗಿ, ಬಾಯಿ ಬಿಟ್ಟರೆ ಕಲ್ಲನ್ನೂ ಮಾತಾಡಿಸುವವಳು. ಎರಡು ಭಾನುವಾರ ವನಗೂರಿನ ಜೀಪು ಹಿಡಿದು ಬಂದು, ನನ್ನ ಪರಿಚಯವೇ ಇಲ್ಲದವಳಂತೆ ಲೈನಿನಲ್ಲೂ ಹೊರಗಿನವರ ಊರಿನಲ್ಲೂ ಕೂತು ಕೇಳಿದಳು. ಆ ಎರಡೂ ದಿನ ನಾನು ಮನೆ ಬಿಟ್ಟು ಹೊರಡಲಿಲ್ಲ. ಸೋಮವಾರ ಕಾಲೇಜಿನಲ್ಲಿ ಹಾಳೆಗಳನ್ನು ಕೈಗಿಟ್ಟು, "ಓದೋ ಮುಂಚೆ ಊಟ ಮಾಡ್ಬಿಡು ಮಾರಾಯ್ತಿ" ಎಂದಳು.

ಊಟ ಮಾಡಿಯೇ ಓದಿದೆ. ಒಂದನೇ ನಂಬರು, ಹದಿನೆಂಟು. ಎರಡು, ಇಪ್ಪತ್ತೆರಡು. ಮೂರು, ಹದಿನಾಲ್ಕು. ಪಕ್ಕದಲ್ಲಿ ಅವರವರು ಆಡಿದ ಮಾತನ್ನೂ ಶಾಜಿಯಾ ಬರೆದಿದ್ದಳು. ಎಲ್ಲರೂ ಹೆಚ್ಚುಕಡಿಮೆ ಒಂದನ್ನೇ ಹೇಳಿದ್ದರು. ಅಪ್ಪ ಯಾರಿಗೂ ಹೊಡೆದವರಲ್ಲ, ಕೂಗಾಡಿದವರಲ್ಲ. ತಡವಾಗಿ ಬಂದವಳ ಮುಖವನ್ನು ಒಮ್ಮೆ ನೋಡಿ ಪೆನ್ನಿಗೆ ಕ್ಯಾಪ್ ಹಾಕುತ್ತಿದ್ದರು. ಅಷ್ಟೇ. ಅವತ್ತಿನ ಕೂಲಿ ಬಿಟ್ಟು ಅವಳು ವಾಪಸು ಹೋಗಬೇಕು. ಮಗುವಿಗೆ ಜ್ವರ ಎಂದರೂ ಜೀಪು ಸಿಗಲಿಲ್ಲ ಎಂದರೂ ಕ್ಯಾಪ್ ಮತ್ತೆ ತೆಗೆದದ್ದಿಲ್ಲ. ಎದುರು ಮಾತಾಡಿದವಳ ಹೆಸರು ಮುಂದಿನ ತಿಂಗಳ ಪುಸ್ತಕದಲ್ಲೇ ಇರುತ್ತಿರಲಿಲ್ಲ.

ಏಳನೇ ನಂಬರು ಚೌಡಮ್ಮ. ಮೂವತ್ತೊಂದು. ಎಲ್ಲರಿಗಿಂತ ಹೆಚ್ಚು.

ನನಗೆ ಐದು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಆಮೇಲೆ ನನಗೆ ನೀರೆರೆದದ್ದು, ತಲೆ ಬಾಚಿದ್ದು, ಮುದ್ದೆ ಮುರಿದು ಬಾಯಿಗಿಟ್ಟದ್ದು ಚೌಡಮ್ಮ. ನಾನು ಕೇಳಿದಾಗ ನನ್ನ ಗಲ್ಲ ಹಿಡಿದು, "ನಿಮ್ಮಪ್ಪ ದೇವ್ರಂತೋರು ಕಣ್ ಮಗ, ಬರ್ಕೋ" ಎಂದು ಸೊನ್ನೆ ಕೊಟ್ಟಿದ್ದಳು. ಶಾಜಿಯಾಗೆ ಹೇಳಿದ್ದು ಬೇರೆ: "ರೈಟ್ರು ದೂರದಲ್ ಕೆಮ್ಮುದ್ರೂ ಗಿಡದ್ ಮರೆಗ್ ಸರ್ಕಂತೀನಿ ಕಣವ್ವ. ಅವ್ರ ಮಗ್ಳುನ್ನ ಎತ್ತಾಡ್ಸಿದ್ ಕೈ ಇದು. ಆದ್ರೂ ಆ ಹುಡ್ಗಿ ಮುಂದೆ ಹೇಳಕಾಯ್ತದಾ? ಅದೂ ಆ ಮನೇದೇ ಅಲ್ವಾ."

ಈಗ ನಾನು ಮಾಡಬೇಕಿದ್ದ ಲೆಕ್ಕ ಸುಲಭದ್ದು. ಒಬ್ಬೊಬ್ಬರ ಎದುರೂ ಶಾಜಿಯಾಗೆ ಕೊಟ್ಟ ಅಂಕದಲ್ಲಿ ನನಗೆ ಕೊಟ್ಟ ಅಂಕ ಕಳೆದು, ವ್ಯತ್ಯಾಸ ಎಂಬ ಕಾಲಮಿನಲ್ಲಿ ಬರೆಯಬೇಕು. ಮೂವತ್ತೊಂದರಲ್ಲಿ ಸೊನ್ನೆ ಕಳೆದರೆ ಮೂವತ್ತೊಂದು. ಚೌಡಮ್ಮ ನನ್ನಿಂದ ಮುಚ್ಚಿಟ್ಟದ್ದು ಅಷ್ಟು. ಬರೆದೆ. ನೋವಾಗಬೇಕಿತ್ತು, ಆಗಲಿಲ್ಲ. ಮುಂದಿನ ಸಾಲಿಗೆ ಹೋದೆ. ವ್ಯತ್ಯಾಸ ಆಕಸ್ಮಿಕವಲ್ಲ ಎಂದು ತೋರಿಸುವ ಟಿ-ಮೌಲ್ಯ ಹನ್ನೆರಡು ದಾಟಿತು; ಮೂರು ಬಂದಿದ್ದರೂ ಸಾಕಿತ್ತು. ಮೇಡಂ ಸಂತೋಷಪಟ್ಟು, ಮುಂದಿನ ಸೋಮವಾರದೊಳಗೆ ಕೋಷ್ಟಕವನ್ನೆಲ್ಲ ಅಂದವಾಗಿ ರೆಕಾರ್ಡಿಗೆ ಇಳಿಸಿಕೊಂಡು ಬಾ ಎಂದರು.

ಭಾನುವಾರ ಬೆಳಿಗ್ಗೆ ಮನೆಯಲ್ಲಿ ರೆಕಾರ್ಡ್ ಹರಡಿಕೊಂಡು ಕೂತಿದ್ದೆ. ಒಲೆಯ ಮೇಲಿಟ್ಟ ಹಾಲು ಉಕ್ಕಿದ ವಾಸನೆ ಬಂತೆಂದು ಒಳಗೆ ಓಡಿದೆ. ವಾಪಸು ಬರುವಷ್ಟರಲ್ಲಿ ಅಪ್ಪ ನನ್ನ ಕುರ್ಚಿಯಲ್ಲಿ ಕೂತು ಸ್ಕೇಲು ಇಟ್ಟು ಗೆರೆ ಎಳೆಯುತ್ತಿದ್ದರು.

"ನಿನ್ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ನಾನ್ ಬರ್ದ್ ಕೊಡ್ತೀನಿ" ಎಂದರು. ಅಪ್ಪನ ಅಕ್ಷರ ಅಚ್ಚು ಹಾಕಿದಂತಿತ್ತು. ಹೈಸ್ಕೂಲಿನಿಂದಲೂ ನನ್ನ ರೆಕಾರ್ಡುಗಳ ಕೋಷ್ಟಕ ಬರೆಯುತ್ತಿದ್ದುದು ಅವರೇ. ಅದೊಂದು ಕೆಲಸವನ್ನು ಅವರು ಪ್ರೀತಿಯಿಂದ ಮಾಡುತ್ತಿದ್ದರು, ನನಗೆ ಗೊತ್ತಿತ್ತು.

"ಬ್ಯಾಡಿ ಅಪ್ಪ, ನಾನೇ ಬರೀತೀನಿ."

ನಮ್ಮ ಕಡೆ ಮಕ್ಕಳು ಅಪ್ಪನನ್ನು ನೀನು ಎಂದೇ ಮಾತಾಡಿಸುತ್ತಾರೆ. ನಾನು ನೀವು ಎನ್ನುತ್ತಿದ್ದೆ. ಹಾಗೆನ್ನು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಅಪ್ಪ ತಲೆ ಎತ್ತಲಿಲ್ಲ. ತಲೆಬರಹ ಬರೆದರು. 'ಮೇಲ್ವಿಚಾರಕರ ಬಗೆಗಿನ ಭಯ' ಎಂಬಲ್ಲಿ ಕೈ ಒಂದು ಕ್ಷಣ ನಿಧಾನವಾಗಿ, ಮತ್ತೆ ಮುಂದುವರಿಯಿತು. ಒಂದು, ಹದಿನೆಂಟು. ಎರಡು, ಇಪ್ಪತ್ತೆರಡು. ದಿನಾ ಬೆಳಿಗ್ಗೆ ಅದೇ ಹೆಸರುಗಳನ್ನು ಅದೇ ಸಾಲಿನಲ್ಲಿ ಬರೆದ ಕೈ. ಒಂದು ಎಂದರೆ ಯಾರು, ಎರಡು ಎಂದರೆ ಯಾರು ಎಂದು ಆ ಕೈಗೆ ಗೊತ್ತಿರುವುದಿಲ್ಲವೇ? ನನ್ನ ಸೋಮಾರಿತನ ಎಂಥ ಕೆಲಸ ಮಾಡಿದೆ ಎಂದು ನನಗೆ ಹೊಳೆದದ್ದು ಆಗ. ಸೋಮವಾರದ ಹಾಜರಿಗೆ ಹದಿನೈದು ಹೆಂಗಸರು ಬಂದು ನಿಲ್ಲುತ್ತಾರೆ. ಹೆಸರು ಹೊರಗೆ ಬರುವುದಿಲ್ಲ ಎಂದು ಶಾಜಿಯಾ ಅವರಿಗೆ ಮಾತು ಕೊಟ್ಟಿದ್ದಳು. ಚೌಡಮ್ಮನಿಗೆ ಎಸ್ಟೇಟು ಕೊಟ್ಟ ಲೈನಿನ ಒಂದು ಕೋಣೆ ಬಿಟ್ಟರೆ ಬೇರೆ ಸೂರಿಲ್ಲ.

ಏಳನೇ ಸಾಲಿಗೆ ಅಪ್ಪನ ಪೆನ್ನು ನಿಂತಿತು.

"ಇದು ನನ್ ಹಾಜ್ರಿ ಪುಸ್ತಕದ್ ನಂಬ್ರೇ ಅಲ್ವಾ? ಏಳು ಅಂದ್ರೆ ಚೌಡಿ."

"ಅಲ್ಲ" ಎಂದೆ. "ಕಾಲೇಜಲ್ಲಿ ಚೀಟಿ ಎತ್ತಿ ಹಾಕಿದ್ ನಂಬ್ರು. ಯಾರ್ದ್ ಯಾವ್ದು ಅಂತ ಗೊತ್ತಾಗಬಾರ್ದು ಅಂತ್ಲೇ ಹಂಗ್ ಮಾಡೋದು." ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ನನಗೇ ತಿಳಿದಿರಲಿಲ್ಲ.

"ಹಂಗಾರೆ ಈ ಏಳು ಯಾರು? ಮೂವತ್ತಾರಕ್ಕೆ ಮೂವತ್ತೊಂದು! ಯಾರಿಗ್ ಐತೆ ನನ್ ಕಂಡ್ರೆ ಇಷ್ಟು ಭಯ?"

ಗೊತ್ತಿಲ್ಲ ಎಂದರೆ ನಂಬುವವರಲ್ಲ. ಯಾರದಾದರೂ ಹೆಸರು ಹೇಳಿದರೆ ಅವಳು ಹೋದಳು. ಹೇಳಬಹುದಾದ ಹೆಸರು ಒಂದೇ ಒಂದಿತ್ತು.

"ನಾನು" ಎಂದೆ. "ಒಬ್ಳು ಊರಿಗ್ ಹೋಗಿದ್ಲು. ಜನ ಕಮ್ಮಿ ಆಯ್ತು ಅಂತ ನಾನೇ ತುಂಬ್ಸಿದ್ದು. ಏಳ್ನೇದು ನಾನಪ್ಪ."

ಚೌಡಮ್ಮನನ್ನು ಉಳಿಸಲು ಆಡಿದ ಮಾತು ಅದು. ಆದರೆ ಆಡಿ ಮುಗಿಸಿದಾಗ ಆ ಹನ್ನೆರಡು ಪ್ರಶ್ನೆಗಳು ಒಂದೊಂದಾಗಿ ನೆನಪಾದವು. ಎದೆ ಹೊಡೆದುಕೊಳ್ಳುತ್ತದೆಯೇ? ಹೌದು. ಹೇಳಬೇಕಾದ ಮಾತು ನುಂಗಿಕೊಳ್ಳುತ್ತೀರಾ? ಹೌದು. ಅವರ ಹೆಜ್ಜೆ ಸಪ್ಪಳ ಕೇಳಿದರೆ ಕೈಲಿದ್ದ ಕೆಲಸ ನಿಲ್ಲುತ್ತದೆಯೇ? ಹೌದು. ಎಷ್ಟೋ ವರ್ಷದ ಮೇಲೆ ನನಗೆ ಏನೋ ಅನ್ನಿಸುತ್ತಿತ್ತು. ಅದು ಹೆದರಿಕೆ. ಜೋಮು ಬಿಡುವಾಗ ಕಾಲಿಗೆ ಮುಳ್ಳು ಚುಚ್ಚುವಂತೆ ಅದು ಮೈಯೆಲ್ಲ ಚುಚ್ಚಿತು.

ಅಪ್ಪ ಪೆನ್ನು ಕೆಳಗಿಟ್ಟರು.

"ನಾನ್ ನಿಂಗೆ ಒಂದ್ ಏಟಾದ್ರೂ ಹೊಡ್ದಿದೀನಾ?"

"ಇಲ್ಲ."

"ಬೈದಿದೀನಾ?"

"ಇಲ್ಲ."

"ಮತ್ತೆ?"

"ಗೊತ್ತಿಲ್ಲ ಅಪ್ಪ" ಎಂದೆ. "ಆದ್ರೆ ಐತೆ. ಈಗ್ಲೂ ಐತೆ."

ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು. ಅಪ್ಪ ನನ್ನ ಕಣ್ಣೊರೆಸಲು ಕೈ ಎತ್ತಿದರು. ನಾನು ಬೇಕೆಂದು ಮಾಡಲಿಲ್ಲ, ನನ್ನ ತಲೆ ತಾನಾಗಿ ಹಿಂದಕ್ಕೆ ಸರಿಯಿತು. ಅವರ ಕೈ ಅಲ್ಲೇ ನಿಂತಿತು. ಆಮೇಲೆ ಅವರು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡು, ನನ್ನಿಂದ ಒಂದು ಮಾರು ದೂರ ಹೋಗಿ ಕುಳಿತರು.