ಖಾಲಿ ಬಿಡದ ಖಾನೆ

"ಅಪ್ಪಾ, ಇಲ್ನೋಡು. ಅಮಾಸೆ ದಿನ ಬರ್ದಿರೋದು, ಅದ್ರ ಹಿಂದಿನ ದಿನದ್ದು, ಎರಡೂ ಒಂದೇ. ಪ್ರತಿ ತಿಂಗ್ಳೂ ಇಂಗೇ ಐತೆ."

ಚೌಡಯ್ಯ ಮೇಷ್ಟ್ರು ಮಗಳ ಲ್ಯಾಪ್‌ಟಾಪಿನತ್ತ ತಿರುಗಲಿಲ್ಲ. ಪಂಚೆಯ ಅಂಚಿನಿಂದ ದುರ್ಬೀನಿನ ಗಾಜು ಒರೆಸುತ್ತಲೇ ಇದ್ದರು. ನಿವೃತ್ತರಾದ ಮೇಲೆ ಹನ್ನೊಂದು ವರ್ಷ, ನಿಡುಗಲ್ಲಿನ ಈ ಅಂಗಳದಿಂದ ಅವರು ಒಂದೇ ನಕ್ಷತ್ರದ ಬೆಳಕು ಏರಿಳಿಯುವುದನ್ನು ಕಣ್ಣಂದಾಜಿನಲ್ಲಿ ಅಳೆದು ನೋಟ್‌ಬುಕ್ಕಿಗೆ ಇಳಿಸಿದ್ದರು. ಊರವರು ಆಡಿಕೊಂಡು ನಕ್ಕರೂ ಬಿಟ್ಟಿರಲಿಲ್ಲ.

ಮಗಳು ವೇದಾವತಿ ಪಾವಗಡದಲ್ಲಿ ಸಂಖ್ಯಾಶಾಸ್ತ್ರದ ಉಪನ್ಯಾಸಕಿ. ಖಗೋಳದವರನ್ನೂ ಸಂಖ್ಯಾಶಾಸ್ತ್ರದವರನ್ನೂ ಜೋಡಿಜೋಡಿಯಾಗಿ ಕೂರಿಸಿದ್ದ ಒಂದು ತರಬೇತಿಯಲ್ಲಿ ಅವಳಿಗೆ ಜೊತೆಯಾದವನು ಅಂಜನ್ ಕುಮಾರ್, ಬೆಂಗಳೂರಿನ ಖಗೋಳ ವಿಜ್ಞಾನಿ. ಅಪ್ಪನ ನೋಟ್‌ಬುಕ್ಕುಗಳ ಸುದ್ದಿ ಎತ್ತಿದವಳು ಅವಳೇ. ಅವನು ಕುಣಿದಾಡಿಬಿಟ್ಟ, ಆ ನಕ್ಷತ್ರದ ಬಗ್ಗೆ ತಾನು ಬರೆಯುತ್ತಿದ್ದ ಪ್ರಬಂಧದಲ್ಲಿ ಮೇಷ್ಟ್ರ ಹೆಸರೂ ಇರಲೇಬೇಕೆಂದ. ಅಂದಿನಿಂದ ಮೇಷ್ಟ್ರು, "ಯಾವಾಗಮ್ಮ ಅಚ್ಚಾಗೋದು?" ಎಂದು ದಿನವೂ ಅವಳ ಪ್ರಾಣ ತಿನ್ನುತ್ತಿದ್ದರು. ಆ ತರಬೇತಿಗೆ ಯಾಕಾದರೂ ಹೋದೆನೋ ಎಂದು ಈಗ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಅಮಾಸೆ ಸಂಜೆ ನಿಮ್ಮಮ್ಮ ಹೊಸ್ಲು ದಾಟಾಕೆ ಬುಡ್ತಿರ್ಲಿಲ್ಲ ಕಣಮ್ಮ. ಅವ್ಳು ಹೋದ್ಮೇಲೂ ಯಾಕೋ ದಾಟ್ಲಿಲ್ಲ," ಎಂದರು ಮೇಷ್ಟ್ರು. "ಇಸ್ಕೂಲಲ್ಲಿ ಹಾಜರಿ ಪುಸ್ತಕ ಬರ್ದಿರೋ ಕೈ ಇದು. ಒಂದು ಖಾನೆನೂ ಖಾಲಿ ಬುಟ್ಟೋನಲ್ಲ. ನಿನ್ನೆ ಇದ್ದಂಗೇ ಇವತ್ತೂ ಇರ್ತೈತೆ ಅಂತ ತುಂಬ್ದೆ."

"ಅಮಾಸೆ ಒಂದೇನಾ? ಮೋಡ ಮುಚ್ಚಿದ್ದಾಗ? ನಿಂಗೆ ಜ್ವರ ಬಂದಾಗ?"

ಮೇಷ್ಟ್ರ ಕೈ ನಿಂತಿತು. "ಅವನ್ನೂ ತುಂಬಿವ್ನಿ. ಯಾವ್ಯಾವು ಅಂತ ಗ್ಯಾಪ್ಕ ಇಲ್ಲ ಕಣಮ್ಮ."

ಅಮಾವಾಸ್ಯೆಗಳನ್ನಷ್ಟೇ ತೆಗೆದು ಉಳಿದದ್ದನ್ನು ಉಳಿಸಿಕೊಳ್ಳಬಹುದೆಂದು ಅವಳು ಬೆಳಗಿನಿಂದ ಆಸೆ ಕಟ್ಟಿಕೊಂಡು ಕೂತಿದ್ದಳು. ಅಂಜನ್‌ಗೂ ಹಾಗೇ ಹೇಳಿದ್ದಳು. ಕಂಡದ್ದು ಯಾವುದು, ತುಂಬಿದ್ದು ಯಾವುದು ಎಂದು ಬರೆದವರಿಗೇ ತಿಳಿಯದ ಮೇಲೆ ಅವಳು ಕಲಿತ ಯಾವ ವಿದ್ಯೆಯೂ ಅದನ್ನು ಬೇರ್ಪಡಿಸಲಾರದು. ಅಷ್ಟರಲ್ಲಿ ಅವನದೇ ಫೋನ್ ಬಂತು.

"ಅಮಾವಾಸ್ಯೆ ತೆಗೆದ್ರೆ ಸಾಕಲ್ವಾ ಮೇಡಂ? ಪ್ರಬಂಧಾನ ಇವತ್ತೇ ಅಚ್ಚಿಗೆ ಕಳಿಸ್ಬಿಡ್ಲಾ?"

ಹೂಂ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅಪ್ಪ ಅವಳ ಮುಖವನ್ನೇ ನೋಡುತ್ತಿದ್ದರು.

"ಬೇಡ ಸಾರ್. ಅಪ್ಪನ ನೋಟ್‌ಬುಕ್ ಒಂದೂ ಬೇಡ. ಎಲ್ಲಾ ತೆಗೆದ್ಬಿಡಿ," ಎಂದು ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

ಮೇಷ್ಟ್ರು ದುರ್ಬೀನನ್ನು ಗೋಡೆಯ ಗೂಟಕ್ಕೆ ತೂಗುಹಾಕಿದರು. ಊಟಕ್ಕೆ ಕರೆದರೆ ಬಂದು ಉಂಡರು. ಸಂಜೆ ಎಂದಿನಂತೆ ನೋಟ್‌ಬುಕ್ ತೆರೆದು ಅಂದಿನ ದಿನಾಂಕ ಬರೆದರು. ಆಕಾಶದಲ್ಲಿ ಒಂದು ಚೂರೂ ಮೋಡವಿರಲಿಲ್ಲ. ದುರ್ಬೀನು ಗೋಡೆಯ ಗೂಟದಲ್ಲೇ ಇತ್ತು. ಮುಂದಿನ ಖಾನೆಯನ್ನು ಹಾಗೇ ಬಿಟ್ಟು, ಪೆನ್ನಿಗೆ ಮುಚ್ಚಳ ಹಾಕಿದರು.