ಮೊದಲ ಸಾಲಿನಲ್ಲಿ ಪ್ರಾಂಪ್ಟರ್

ನಮ್ಮ ನಾಟಕವನ್ನು ನಾನು ಎದುರಿನಿಂದ ನೋಡಿದ್ದು ಅದೇ ಮೊದಲು. ಇಷ್ಟು ವರ್ಷ ತಂಡದಲ್ಲೇ ಇದ್ದವಳು ಹೀಗೆನ್ನುತ್ತಾಳಲ್ಲ ಎಂದು ನಗಬೇಡಿ. ನಾನು ಪ್ರಾಂಪ್ಟರ್. ವೇದಿಕೆಯ ಪಕ್ಕದ ಸೈಡ್‌ವಿಂಗಿನ ಕತ್ತಲಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ನಟರು ಮಾತು ಮರೆತಾಗ ಮುಂದಿನದನ್ನು ಪಿಸುಗುಟ್ಟುವವಳು. ಅಲ್ಲಿಂದ ಎಲ್ಲರ ಒಂದು ಪಕ್ಕ ಮಾತ್ರ ಕಾಣುತ್ತದೆ. ತಂಡದ ದೊಡ್ಡ ನಟ ನನ್ನ ಸ್ವಂತ ಅಣ್ಣ. ಆದರೂ ವೇದಿಕೆಯ ಬೆಳಕಿನಲ್ಲಿ ಅವನ ಪೂರ್ತಿ ಮುಖವನ್ನು ನಾನು ಕಂಡಿರಲಿಲ್ಲ. ನನಗೆ ಸಿಕ್ಕಿದ್ದು ಅವನ ಎಡಗಿವಿ, ಎಡಗೆನ್ನೆ, ಮೇಕಪ್ ಹತ್ತದೆ ಉಳಿದ ಕತ್ತಿನ ಹಿಂಭಾಗ.

ಪ್ರತಿ ಆಟ ಮುಗಿದ ಮೇಲೆ ಅಣ್ಣ ಬಂದು, "ಹೇಗಿತ್ತೇ?" ಎಂದು ಕೇಳುತ್ತಿದ್ದ. ನಾನು, "ನೀನು ಎರಡು ಮಾತು ನುಂಗಿದೆ, ಒಂದು ಹಿಂದುಮುಂದು ಮಾಡಿದೆ," ಎನ್ನುತ್ತಿದ್ದೆ. ನನಗೆ ಗೊತ್ತಿದ್ದದ್ದು ಅಷ್ಟೇ. ಅವನು ಮುಖ ಗಂಟಿಕ್ಕಿಕೊಂಡು ಮೇಕಪ್ ಒರೆಸಲು ಹೋಗುತ್ತಿದ್ದ.

ಆ ಸಂಜೆ ಮಾತ್ರ ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದರು. ಮರ್ಯಾದೆಗೆ ಅಂದುಕೊಂಡಿರೇನೋ! ನನ್ನ ಜಾಗಕ್ಕೆ ಬೇರೊಬ್ಬ ಬಂದಿದ್ದ. ನಿರ್ದೇಶಕಿ ಒಂದು ಎಐ ತಂದಿದ್ದಳು. ಅದು ಲ್ಯಾಪ್‌ಟಾಪಿನೊಳಗೆ ಕೂತು ವೇದಿಕೆಯ ಮಾತೆಲ್ಲ ಕೇಳಿಸಿಕೊಳ್ಳುತ್ತದೆ. ಯಾರಾದರೂ ತಡವರಿಸಿದರೆ ಅವರ ಕಿವಿಯ ಪುಟ್ಟ ಇಯರ್‌ಫೋನಿಗೆ ಮುಂದಿನ ಮಾತು ಕಳಿಸುತ್ತದೆ. ತಂಡದವರು ಅದಕ್ಕೆ ‘ಜಾಣ’ ಎಂದು ಹೆಸರಿಟ್ಟಿದ್ದರು. ಜಾಣನಿಗೆ ಕೆಮ್ಮಿಲ್ಲ, ತೂಕಡಿಕೆಯಿಲ್ಲ, ಸಿಡುಕಿಲ್ಲ. ತಾಲೀಮಿನಲ್ಲಿ ಅದು ಒಂದಕ್ಷರ ತಪ್ಪಲಿಲ್ಲ. ತಪ್ಪಲಿ, ತಪ್ಪಲಿ ಎಂದು ನಾನು ಹೊಟ್ಟೆ ಉರಿದುಕೊಂಡು ಕಾದದ್ದೇ ಬಂತು.

"ಬೇಜಾರು ಮಾಡ್ಕೋಬೇಡಿ ಅಕ್ಕ," ಎಂದಿದ್ದಳು ನಿರ್ದೇಶಕಿ. ನನಗಿಂತ ಚಿಕ್ಕವಳು, ಒಳ್ಳೆಯವಳೇ. "ಇವತ್ತಿನ ಆಟ ಸಲೀಸಾಗಿ ನಡೆದ್ರೆ ಇನ್ಮೇಲೆ ಜಾಣನೇ ನೋಡ್ಕೊಳ್ತಾನೆ. ನೀವು ಆರಾಮಾಗಿ ಮನೇಲಿರಿ."

"ಆರಾಮು ಕಾಯಿಲೆ ಬಿದ್ದೋರಿಗೆ ಕಣಮ್ಮ. ನನಗೇನಾಗಿದೆ?" ಎಂದೆ. ಆದರೆ ಟಿಕೆಟ್ ಇಸಿದುಕೊಂಡೆ. ನನ್ನ ಸ್ಟೂಲನ್ನು ಆಗಲೇ ಯಾರೋ ಎತ್ತಿ ಬಣ್ಣದ ಡಬ್ಬಗಳನ್ನಿಡಲು ಬಳಸುತ್ತಿದ್ದರು. ಅದನ್ನು ನೋಡಿ ಕೋಪ ಬಂತು, ಸುಳ್ಳೇಕೆ ಹೇಳಲಿ.

ಪರದೆ ಎದ್ದಿತು ನೋಡಿ, ಕೋಪವೆಲ್ಲ ಎಲ್ಲಿ ಹೋಯಿತೋ! ಅದು ಸಮುದ್ರದ ನಡುವಿನ ಬಂಡೆಯೊಂದರ ಮೇಲಿನ ದೀಪಸ್ತಂಭದ ಕಥೆ. ಅಣ್ಣನದು ದೀಪ ಕಾಯುವವನ ಪಾತ್ರ. ಅವನ ತಮ್ಮ ದೋಣಿ ಸಮೇತ ಕಾಣೆಯಾಗಿದ್ದಾನೆ. ಬದುಕಿದ್ದರೆ ದಾರಿ ಕಾಣಲಿ ಎಂದು ಇವನು ದಿನವೂ ದೀಪ ಹಚ್ಚುತ್ತಾನೆ. ಕೊನೆಯಲ್ಲಿ ಬಾಗಿಲು ತಟ್ಟಿದ ಸದ್ದಾಗಿ, ತಮ್ಮ ತೊಪ್ಪೆಯಾಗಿ ನೆನೆದುಕೊಂಡು ಒಳಗೆ ಬರುತ್ತಾನೆ. ಒಂದೊಂದು ಮಾತೂ ನನಗೆ ಬಾಯಿಪಾಠ. ಆದರೂ ಅಣ್ಣ ಕಿಟಕಿಯ ಕಡೆ ತಿರುಗಿದಾಗ, ಆ ಬಲಗೆನ್ನೆಯ ಮೇಲೆ ಬೆಳಕು ಬಿದ್ದಾಗ, ನಾನು ಕುರ್ಚಿಯ ಅಂಚಿಗೆ ಬಂದುಬಿಟ್ಟೆ. ಇವನು ನಮ್ಮ ಮನೆಯವನೇ? ಸಾಬೂನು ಜಾಗದಲ್ಲಿಲ್ಲ ಎಂದು ರಂಪ ಮಾಡುವವನು ಇವನೇ? ಪಕ್ಕದ ಕುರ್ಚಿಯ ಹೆಂಗಸಿನ ತೋಳು ಹಿಡಿದು, "ನಮ್ಮಣ್ಣ!" ಎಂದುಬಿಟ್ಟೆ. ಆಕೆ "ಶ್!" ಎಂದಳು. ಪಿಸುಗುಟ್ಟುವುದನ್ನೇ ಕಸುಬು ಮಾಡಿಕೊಂಡವಳು ಹೀಗೆ ಬೈಸಿಕೊಂಡೆ.

ಎರಡನೇ ಅಂಕದಲ್ಲಿ ಮಗಳ ಪಾತ್ರದ ಹುಡುಗಿ ಕೇಳಿದಳು: "ಚಿಕ್ಕಪ್ಪ ಏನಾದರು, ಅಪ್ಪ?"

ಅಣ್ಣ ದೀಪ ನೋಡುತ್ತ ಸುಮ್ಮನಾದ.

ಇಲ್ಲೊಂದು ವಿಷಯ ಹೇಳಬೇಕು. ಅಣ್ಣನಿಗೆ ಒಂದು ಚಾಳಿಯಿದೆ. ತಾಲೀಮಿನಲ್ಲಿ ಅವನು ಗಡಗಡನೆ ಮಾತು ಒಪ್ಪಿಸಿ ಮುಗಿಸುತ್ತಾನೆ. "ಖಾಲಿ ಕುರ್ಚಿಗಳ ಮುಂದೆ ಸುಮ್ನೆ ನಿಂತು ಯಾರಿಗೆ ತೋರಿಸ್ಲಿ?" ಎನ್ನುತ್ತಾನೆ. ಜನ ತುಂಬಿದ ಮೇಲೆಯೇ ಅವನ ಮೌನಗಳು ಹೊರಗೆ ಬರುವುದು, ಅದೂ ಉದ್ದುದ್ದ. ಅವನು ಮೌನವಾಗಿದ್ದಾನೋ ಮರೆತಿದ್ದಾನೋ ಎಂದು ನಾನು ಅವನ ಕೈ ನೋಡಿ ಹೇಳುತ್ತೇನೆ. ಮರೆತರೆ ಎಡಗೈ ಹೆಬ್ಬೆರಳು ಅಂಗಿಯ ಗುಂಡಿಯನ್ನು ಹುಡುಕುತ್ತದೆ. ಈಗ ಕೈ ತೆಪ್ಪಗಿತ್ತು. ಆದರೆ ಜಾಣ ಕಲಿತದ್ದು ತಾಲೀಮಿನಲ್ಲಿ. ಅದು ಅಣ್ಣನ ಮೌನವನ್ನು ಒಮ್ಮೆಯೂ ಕೇಳಿರಲಿಲ್ಲ. ಇದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ, ಹೊಟ್ಟೆ ಉರಿದುಕೊಳ್ಳುತ್ತಿದ್ದ ನನಗೂ ಹೊಳೆದಿರಲಿಲ್ಲ.

ಅಣ್ಣ ಬೆಚ್ಚಿದ. ಜಾಣ ಕಿವಿಯಲ್ಲಿ ಮಾತು ಊದಿತ್ತು. ಅವನು ತಲೆ ಕೊಡವಿ ಮತ್ತೆ ಮೌನ ಹಿಡಿಯಲು ಹೋದ. ಅದು ಮತ್ತೆ ಊದಿರಬೇಕು, ಯಾಕೆಂದರೆ ಅಣ್ಣ ಗಾಬರಿಬಿದ್ದು ಮೊದಲ ಅಂಕದ ಒಂದು ಮಾತನ್ನು ಇಲ್ಲಿ ಆಡಿಬಿಟ್ಟ. ಈ ದೃಶ್ಯದಲ್ಲಿ ಆ ಮಾತಿಗೆ ಮುಂದಿನ ಮಾತು ಸ್ಕ್ರಿಪ್ಟಿನಲ್ಲಿ ಏನಿರಬೇಕು? ಏನೂ ಇಲ್ಲ. ನಾನಾಗಿದ್ದರೆ ಅಲ್ಲಿ ತಡವರಿಸುತ್ತಿದ್ದೆ. ಜಾಣ ತಡವರಿಸಲಿಲ್ಲ.

"ಅವನನ್ನ ಈ ಕೈಯಾರೆ ಹೂತು ಬಂದೆ, ಮಗಳೇ," ಎಂದ ಅಣ್ಣ.

ಪಕ್ಕದ ಹೆಂಗಸು "ಅಯ್ಯೋ" ಎಂದು ಎದೆ ಮುಟ್ಟಿಕೊಂಡಳು. ನಾನು ಎದೆ ಒಡೆದುಕೊಂಡೆ. ಇಂಥ ಮಾತು ನಾಟಕದಲ್ಲೇ ಇಲ್ಲ! ಅಣ್ಣನನ್ನು ಬೈದೇನು ಫಲ? ಕಿವಿಗೆ ಬಂದದ್ದನ್ನು ಕಣ್ಣು ಮುಚ್ಚಿ ಹೇಳುವುದನ್ನು ಅವನಿಗೆ ಕಲಿಸಿದವಳೇ ನಾನು. ಆ ಕಿವಿಗೆ ಇದುವರೆಗೆ ಸುಳ್ಳು ಬಿದ್ದಿರಲಿಲ್ಲ.

"ಎಲ್ಲಿ, ಅಪ್ಪ?" ಎಂದಳು ಮಗಳು. ಅವಳ ಕಿವಿಯಲ್ಲೂ ಇಯರ್‌ಫೋನಿತ್ತು.

"ಬಂಡೆಯ ಹಿಂದೆ. ತಲೆಯ ಕಡೆ ಒಂದು ಬಿಳಿ ಕಲ್ಲು ಇಟ್ಟಿದ್ದೇನೆ."

ಜಾಣ ತಾನು ಹೇಳಿದ ಸುಳ್ಳನ್ನೇ ನಂಬಿಕೊಂಡು ಅದರ ಮೇಲೆ ಮನೆ ಕಟ್ಟುತ್ತಿತ್ತು. ಮಾತುಗಳು ಬೇರೆ ಚೆನ್ನಾಗಿದ್ದವು, ಹಾಳಾದವು. ಜನ ಕಣ್ಣೊರೆಸಿಕೊಳ್ಳುತ್ತಿದ್ದರು.

ನಾನು ಎದ್ದು ಓಡಿದೆ. ಯಾರದೋ ಕಾಲು ತುಳಿದೆ, ಯಾರದೋ ಚೀಲ ಎಡವಿದೆ, ಪಕ್ಕದ ಬಾಗಿಲಿನಿಂದ ನುಗ್ಗಿ ಮೇಕಪ್ ಕೋಣೆ ದಾಟಿ ವಿಂಗಿಗೆ ಬಂದೆ. ಅಲ್ಲಿ ತಮ್ಮನ ಪಾತ್ರದ ಡುಮ್ಮ ತಲೆಯ ಮೇಲೆ ಬಕೆಟ್ ನೀರು ಸುರಿದುಕೊಂಡು ನಡುಗುತ್ತ ನಿಂತಿದ್ದ.

"ಅಕ್ಕಾ, ನಾನು ಸತ್ತೋಗಿದ್ದೀನಂತೆ! ಕಲ್ಲು ಬೇರೆ ಇಟ್ಟಿದ್ದಾರಂತೆ! ಈಗ ಒಳಗೆ ಹೋಗ್ಲೋ, ಮನೆಗೆ ಹೋಗ್ಲೋ?"

"ಬಾಯಿ ಮುಚ್ಕೊಂಡು ಒದ್ದೆಯಾಗೇ ಇರು," ಎಂದೆ.

ನಿರ್ದೇಶಕಿ ಲ್ಯಾಪ್‌ಟಾಪಿನ ಮುಂದೆ ಬೆವರುತ್ತಿದ್ದಳು. "ಅಕ್ಕ, ಈ ಮಾತು ಎಲ್ಲಿಂದ ಬಂತು ಅಂತ ಅದನ್ನೇ ಕೇಳ್ದೆ. ಎರಡನೇ ಅಂಕದ ಐದನೇ ದೃಶ್ಯದಲ್ಲಿದೆ ಅಂತ ಹೇಳ್ತಿದೆ."

"ಎರಡನೇ ಅಂಕದಲ್ಲಿ ಇರೋದೇ ಒಂದು ದೃಶ್ಯ ಕಣೇ!"

"ಗೊತ್ತು! ಅದನ್ನೂ ಹೇಳ್ದೆ. ಕ್ಷಮಿಸಿ, ನಾಲ್ಕನೇ ದೃಶ್ಯ ಅಂತು."

ಅವಳು ಪಟ್ಟನೆ ಲ್ಯಾಪ್‌ಟಾಪ್ ಮುಚ್ಚಿದಳು. ವೇದಿಕೆಯ ಮೇಲೆ ಅಣ್ಣ ಗಕ್ಕನೆ ನಿಂತ. ಹೆಬ್ಬೆರಳು ಮೆಲ್ಲಗೆ ಅಂಗಿಯ ಗುಂಡಿಗೆ ಹೋಯಿತು. ನಾನು ನನ್ನ ಹಳೆಯ ಜಾಗದಲ್ಲಿ ನಿಂತು ಪಿಸುಗುಟ್ಟಿದೆ. ಅವನು ಅಲುಗಲಿಲ್ಲ. ಇನ್ನೂ ಜೋರಾಗಿ ಪಿಸುಗುಟ್ಟಿದೆ. ಊಹೂಂ. ಇಯರ್‌ಫೋನು ಎಡಗಿವಿಯಲ್ಲಿತ್ತು, ಬಿರಡೆ ಬಿಗಿದಂತೆ. ಬಲಗಿವಿ ಅವನಿಗೆ ಚಿಕ್ಕಂದಿನಿಂದಲೂ ಮಂದ. ಗುಂಡಿ ಕಿತ್ತು ಬರುವ ಹಾಗಿತ್ತು. ಸಭೆಯಲ್ಲಿ ಯಾರೋ ಕೆಮ್ಮಿದರು.

ನಾನು ಮೊಳೆಗೆ ನೇತುಹಾಕಿದ್ದ ಶಾಲು ಹೊದ್ದುಕೊಂಡೆ, ಮೂಲೆಯಲ್ಲಿದ್ದ ಲಾಟೀನು ಎತ್ತಿಕೊಂಡೆ.

"ಅಕ್ಕ, ಏನ್ ಮಾಡ್ತಿದ್ದೀರಿ?" ಎಂದಳು ನಿರ್ದೇಶಕಿ.

"ನನಗೇನ್ ಗೊತ್ತು?" ಎಂದು ಬೆಳಕಿಗೆ ಕಾಲಿಟ್ಟೆ.

ಅಬ್ಬಾ, ಆ ಬೆಳಕು! ಕಣ್ಣು ಕತ್ತಲಿಟ್ಟಿತು, ಕಾಲು ಗಡಗಡ ನಡುಗಿತು, ಲಾಟೀನು ಟಿಣಿಟಿಣಿ ಎಂದಿತು. ಅಣ್ಣ ನನ್ನನ್ನು ದೆವ್ವ ಕಂಡವನಂತೆ ನೋಡಿದ. ಮಗಳ ಪಾತ್ರದ ಹುಡುಗಿ ಜಾಣೆ, "ಯಾರದು?" ಎಂದಳು.

"ನಾನಮ್ಮ, ಪಕ್ಕದ ಮನೆಯವಳು."

ಸಭೆಯಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಸುತ್ತ ಸಮುದ್ರ ಬಿಟ್ಟು ಏನೂ ಇಲ್ಲದ ಬಂಡೆಯ ಮೇಲೆ ಪಕ್ಕದ ಮನೆ ಎಲ್ಲಿಂದ ಬರಬೇಕು? ಆದರೆ ಬಾಯಿಂದ ಬಿದ್ದಾಗಿತ್ತು. ನಾನು ನೇರ ಅಣ್ಣನ ಹತ್ತಿರ ಹೋದೆ.

"ನೀವು ಹೂತದ್ದು ನಿಮ್ಮ ತಮ್ಮನನ್ನಲ್ಲ. ಮುಖ ನೋಡಿದಿರಾ? ಇಲ್ಲ! ಅವನ ಕೋಟು ನೋಡಿದಿರಿ. ಯಾರದೋ ಮೈಮೇಲಿದ್ದ ಕೋಟು ನೋಡಿ ತಮ್ಮನೇ ಅಂದುಕೊಂಡಿರಿ."

ನಗು ನಿಂತಿತು. ನಾನು ಶಾಲಿನ ಸೆರಗಿನಿಂದ ಅವನ ಮುಖ ಒರೆಸುವ ನೆಪದಲ್ಲಿ ಆ ಇಯರ್‌ಫೋನನ್ನು ಕಿತ್ತು ಮುಷ್ಟಿಯಲ್ಲಿ ಬಚ್ಚಿಟ್ಟೆ. ಬರಿದಾದ ಎಡಗಿವಿಗೆ ಬಾಯಿಟ್ಟು ನಿಜವಾದ ಮಾತು ಹೇಳಿದೆ.

ಅಣ್ಣ ಹೇಳಲಿಲ್ಲ. ದೀಪದ ಕಡೆ ತಿರುಗಿ ಸುಮ್ಮನಾದ.

ನಾನು ಅವನ ಕೈ ನೋಡಿದೆ. ಹೆಬ್ಬೆರಳು ಗುಂಡಿ ಬಿಟ್ಟಿತ್ತು. ಹಾಗಾದರೆ ಇದು ಮರೆವಲ್ಲ, ಅವನದೇ ಮೌನ. ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು, ಸಭೆ ಉಸಿರು ಬಿಗಿಹಿಡಿದಿತ್ತು. ನಾನು ತುಟಿ ಕಚ್ಚಿ ನಿಂತೆ.

"ಸಮುದ್ರ ಅವನನ್ನ ವಾಪಸ್ ಕೊಡಲಿಲ್ಲ," ಎಂದ ಅಣ್ಣ ಕೊನೆಗೆ, ಮೆಲ್ಲಗೆ. "ಇಟ್ಟುಕೊಂಡೆ ಅಂತಲೂ ಹೇಳಲಿಲ್ಲ."

ಬಾಗಿಲು ತಟ್ಟಿದ ಸದ್ದಾಯಿತು. ಡುಮ್ಮ ತೊಟ್ಟಿಕ್ಕುತ್ತ ಒಳಗೆ ಬಂದ. ಚಪ್ಪಾಳೆಗೆ ಸೂರು ಹಾರಿಹೋಗುವುದೊಂದು ಬಾಕಿ. ಮೊದಲ ಸಾಲಿನಲ್ಲಿ ನನಗೆ "ಶ್" ಎಂದಿದ್ದ ಹೆಂಗಸು ಎದ್ದು ನಿಂತು, ನನ್ನ ಖಾಲಿ ಕುರ್ಚಿಯನ್ನು ಬಡಿಬಡಿದು ಕೂಗುತ್ತಿದ್ದಳು.

ಒಳಗೆ ಬಂದ ಮೇಲೆ ನಿರ್ದೇಶಕಿ ನನ್ನನ್ನು ತಬ್ಬಿಕೊಂಡಳು. ಆಮೇಲೆ, ಸುಮ್ಮನಿರಲಾರದೆ ಕೇಳಿದಳು: "ಆದ್ರೂ ಅಕ್ಕ, ನೀವೂ ಇಲ್ಲದ ಮಾತೇ ಹೇಳಿದ್ರಿ. ಪಕ್ಕದ ಮನೆ ಅಂತೆ! ಜಾಣನಿಗೂ ನಿಮಗೂ ಏನ್ ವ್ಯತ್ಯಾಸ?"

"ನಾನು ಹೇಳ್ತಿರೋದು ಸುಳ್ಳು ಅಂತ ನನಗೆ ಗೊತ್ತಿತ್ತು," ಎಂದೆ. "ಕಾಲು ನೋಡು, ಇನ್ನೂ ನಡುಗ್ತಿದೆ. ಅದರ ದನಿ ನಡುಗಿತೇನು?"

ಅವಳು ಹೋಗಿ ಬಣ್ಣದ ಡಬ್ಬಗಳನ್ನು ಕೆಳಗಿಳಿಸಿ, ಸ್ಟೂಲನ್ನು ತಾನೇ ಒರೆಸಿ, ವಿಂಗಿನಲ್ಲಿ ಅದರ ಜಾಗದಲ್ಲಿಟ್ಟಳು. ನನಗೆ ಕುಣಿಯುವಷ್ಟು ಖುಷಿಯಾಯಿತು. ಕಾಲು ಬಿಡಲಿಲ್ಲ, ಅಷ್ಟೇ.

ಆಗ ಅಣ್ಣ ಬಂದ. ಅರ್ಧ ಮುಖದ ಬಣ್ಣ ಒರೆಸಿಕೊಂಡಿದ್ದ. ಯಾವಾಗಿನಂತೆ ಕೇಳಿದ: "ಹೇಗಿತ್ತೇ?"

ಎರಡು ಮಾತು ನುಂಗಿದೆ ಎನ್ನಲು ಬಾಯಿ ತೆರೆದೆ. ಆದರೆ ಕಣ್ಣ ಮುಂದೆ ಬಂದದ್ದು ಕಿಟಕಿಯ ಹತ್ತಿರ ತಿರುಗಿದ ಆ ಪೂರ್ತಿ ಮುಖ. ಇಷ್ಟು ವರ್ಷ ಅವನು ಕೇಳುತ್ತಿದ್ದದ್ದು ನುಂಗಿದ ಮಾತಿನ ಲೆಕ್ಕವನ್ನಲ್ಲ ಎಂದು ಆಗ ತಿಳಿಯಿತು. ಎಲ್ಲರ ಮಾತೂ ಬಾಯಿಪಾಠ ಇರುವ ನನಗೆ ಒಂದು ಮಾತೂ ಸಿಗಲಿಲ್ಲ. ಕೈ ತಾನಾಗಿ ಶಾಲಿನ ಅಂಚನ್ನು ಹಿಂಡುತ್ತಿತ್ತು.

ಅಣ್ಣ ನನ್ನ ಕೈ ನೋಡಿದ. ಸ್ವಲ್ಪ ಕಾದ. ಆಮೇಲೆ ಬಗ್ಗಿ, ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ:

"‘ಚೆನ್ನಾಗಿತ್ತು ಅಣ್ಣ.’"

"ಚೆನ್ನಾಗಿತ್ತು ಅಣ್ಣ," ಎಂದೆ.