ಬಾಯಿ ತೆರೆದ ಕೌದಿ

ಏಳು ಸೀರೆಗಳು ಸತ್ತು ಒಬ್ಬಳಾಗಿ ಹುಟ್ಟಿದವಂತೆ, ಆ ಒಬ್ಬಳು ಬಾಯಿ ಮುಚ್ಚದೆ ಮೂವತ್ತು ವರ್ಷ ಕಾದಳಂತೆ. ಕಥೆ ಹೀಗೆ ಶುರುವಾದರೆ ನೀವು ಹೂಂ ಅನ್ನಬೇಕು. ಅನ್ನದಿದ್ದರೆ ಅದು ಅಲ್ಲಿಯೇ ನಿಂತುಬಿಡುತ್ತದೆ.

ಆ ಒಬ್ಬಳು ನಾನೇ. ನಾನು ಒಂದು ಕೌದಿ.

ನನ್ನನ್ನು ಹೊಲಿದವಳು ಫಕೀರವ್ವ. ನೇಕಾರರ ಊರಿನಲ್ಲಿ ಮನೆಮನೆಯ ಹಳೆ ಸೀರೆಗಳನ್ನು ಕೌದಿ ಮಾಡಿಕೊಡುತ್ತಿದ್ದ ವಿಧವೆ. ಹೊಲಿಯುತ್ತಾ ಸಣ್ಣ ದನಿಯಲ್ಲಿ ಹಾಡು ಕಟ್ಟುವಳು. ಯಾರಾದರೂ ಹೊಸ್ತಿಲು ತುಳಿದರೆ ತಟ್ಟನೆ ನಿಲ್ಲಿಸುವಳು.

ಪಕ್ಕದ ಮನೆಯ ಕಾಶವ್ವ ಕಾಡುತ್ತಿದ್ದಳು. "ಯಾರ ಕೂಡ ಮಾತಾಡಾಕತ್ತಿದ್ದೆಲೇ ಫಕೀರಿ?"

"ಸೂಜಿ ಕೂಡ. ಅದಕ್ಕ ಕಣ್ಣ ಐತಿ, ಬಾಯಿಲ್ಲ. ನಿನ್ಹಂಗ ಊರ ತುಂಬ ಹೇಳೂದಿಲ್ಲ."

ಹಿಂದೊಮ್ಮೆ ಅವಳ ಗಂಡ ಹಾಡು ಕೇಳಿಸಿಕೊಂಡಿದ್ದ. ಕೊನೆಯಲ್ಲಿ ಅವಳ ಹೆಸರು ಬಂದಾಗ ಬಿದ್ದು ಬಿದ್ದು ನಕ್ಕಿದ್ದ. "ಹೆಸರ ಹಾಕಿ ಹಾಡಾಕ ನೀ ಏನ ಶರಣಿ ಏನ?" ಅಂದಿನಿಂದ ಹಾಡು ಅವಳ ಹೊಸ್ತಿಲಿನಿಂದ ಹೊರಗೆ ಹೋಗಿರಲಿಲ್ಲ. ಈಗ ಕಣ್ಣು ಮಂಜಾಗುತ್ತಿತ್ತು, ಎದೆ ಹಿಡಿಯುತ್ತಿತ್ತು. ಮಗ್ಗದ ಮಾಲೀಕರ ಮಕ್ಕಳ ಪಾಟಿ ನೋಡಿ ಕಲಿತ ಅಕ್ಷರಗಳಲ್ಲಿ ಅವಳು ನನ್ನ ಒಳಪದರದ ಮೇಲೆ ಕೆಂಪು ದಾರದಿಂದ ಒಂದೊಂದೇ ಹಾಡು ಹೊಲಿದಳು. ಮೇಲೆ ಸೀರೆ ಮುಚ್ಚಿದಳು. ಒಟ್ಟು ಹದಿನಾಲ್ಕು ಹಾಡು. ಅವಳ ಹೆಸರಿದ್ದದ್ದು ಮೂಲೆಯಲ್ಲಿದ್ದ ಕೊನೆಯ ಹಾಡಿನಲ್ಲಿ ಮಾತ್ರ.

ನಮ್ಮ ಕಡೆ ಕೌದಿಯ ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೊಂದು ತುಂಡು ರೊಟ್ಟಿ ಇಡುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ ಅದಕ್ಕೆ. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆಯಂತೆ. ಫಕೀರವ್ವ ರೊಟ್ಟಿ ಇಡಲಿಲ್ಲ, ಮೂಲೆಯನ್ನೂ ಮುಚ್ಚಲಿಲ್ಲ. ಒಂದು ಗೇಣು ತೆರೆದೇ ಬಿಟ್ಟಳು.

"ನಾ ಹ್ವಾದಮ್ಯಾಲ ಯಾರರ ನನ್ನ ಹೆಸರ ಹಿಡದ ಹಾಡಬೇಕು," ಎಂದಳು, ನನ್ನ ಮೇಲೆ ಕೆನ್ನೆಯಿಟ್ಟು. "ಅಲ್ಲೀತನಕ ಬಾಯಿ ಮುಚ್ಚಬ್ಯಾಡ. ಆಣಿ ಮಾಡು."

ಕೌದಿ ಹೇಗೆ ಆಣೆ ಮಾಡೀತು? ಆದರೂ ಮಾಡಿದೆ. ಹಾಗೆಯೇ ಕಣ್ಣು ಮುಚ್ಚಿದವಳು ಮತ್ತೆ ತೆರೆಯಲಿಲ್ಲ.

ಕಾಶವ್ವ ಅತ್ತಳು. ಅತ್ತು, ನನ್ನನ್ನು ತನ್ನ ಮನೆಗೆ ಒಯ್ದಳು. ಹೆರಿಗೆಗೆಂದು ತವರಿಗೆ ಬಂದಿದ್ದ ಅವಳ ಮಗಳು ಊಟ ಮುಗಿಸಿ ನನ್ನನ್ನು ಹೊದ್ದು ಮಲಗಿದಳು. ನನಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ಮೈ ತಾಗಿದವರೊಳಗೆ ಹಾಡನ್ನು ಇಳಿಸುವುದು. ಇಳಿಸಿದೆ. ಮಟಮಟ ಮಧ್ಯಾಹ್ನ, ಬಾಗಿಲಲ್ಲಿ ಬಿಸಿಲು ಬಿದ್ದಿರುವಾಗ, ಆ ಹುಡುಗಿ ಕಣ್ಣು ಮುಚ್ಚಿಕೊಂಡೇ ಹಾಡತೊಡಗಿದಳು. ಸತ್ತವಳ ದನಿಯಲ್ಲಿ.

ಕಾಶವ್ವನ ಕೈಯಿಂದ ಮೊರ ಬಿತ್ತು. "ಯವ್ವಾ! ಇದು ಫಕೀರಿ ದನಿ!" ನನ್ನನ್ನು ಎಳೆದು ತಿರುವಿ ನೋಡಿದಳು, ತೆರೆದ ಮೂಲೆ ಕಂಡಿತು. "ಹೊಟ್ಟಿ ತುಂಬಿಸಿಲ್ಲ ಅಕಿ. ಹಸದೈತಿ ಇದು!"

ಓದು ಬಾರದ ಆ ತಾಯಿ ಪ್ರೀತಿಯಿಂದಲೇ ನನ್ನ ಬಾಯಿಗೆ ಎರಡು ಜೋಳದ ರೊಟ್ಟಿ ತುರುಕಿದಳು.

ರೊಟ್ಟಿಯ ವಾಸನೆಗೆ ಇಲಿ ಬಂತು. ರೊಟ್ಟಿ ತಿಂದಿತು, ರೊಟ್ಟಿಯ ಜೊತೆ ಕೊನೆಯ ಹಾಡಿನ ಎರಡು ಸಾಲನ್ನೂ ತಿಂದಿತು. ಅದರಲ್ಲೇ ಇತ್ತು ಅವಳ ಹೆಸರು. ಇಲಿಯ ಹಲ್ಲು ಒಂದೊಂದು ಅಕ್ಷರವನ್ನು ಕಡಿಯುವುದನ್ನು ನಾನು ಕೇಳಿಸಿಕೊಂಡೆ. ಕಿರುಚಲು ನನಗೆ ಬರುವುದಿಲ್ಲ.

ಮಗಳು ಮರುದಿನವೂ ಹಾಡಿದಳು. ಹೆದರಿದ ಕಾಶವ್ವ, ಹಳೆ ಬಟ್ಟೆಗೆ ಪಾತ್ರೆ ಕೊಡುವವಳು ಓಣಿಗೆ ಬಂದಾಗ ಒಂದು ಸ್ಟೀಲ್ ಡಬ್ಬಿಗೆ ನನ್ನನ್ನು ದಾಟಿಸಿದಳು. ಅಲ್ಲಿಂದ ಎಷ್ಟೋ ಮನೆ. ಎಲ್ಲರೂ ನನ್ನ ಕೆಳಗೆ ಹಾಡಿದರು, ಹೆದರಿ ಕೈಬಿಟ್ಟರು. ಕೊನೆಗೆ ಹುಬ್ಬಳ್ಳಿಯಲ್ಲಿ ಇಸ್ತ್ರಿ ಮಾಡುವ ಮೌಲಾಲಿ ನನ್ನನ್ನು ಮಡಿಸಿ ತನ್ನ ಮೇಜಿಗೆ ಹಾಸಿದ. ಕೆಂಡದ ಪೆಟ್ಟಿಗೆ ಮೈಮೇಲೆ ಹಾದಾಗಲೆಲ್ಲ ಒಳಗಿನ ಹಾಡು ಕಾದು ಅವನ ಕೈಗೆ ಹತ್ತುತ್ತಿತ್ತು. ಅವನು ಹೆದರಲಿಲ್ಲ. ಗುನುಗುತ್ತಾ ಅಂಗಿ ತಿಕ್ಕಿದ.

ಸೀರೆ ಕೊಡಲು ಬಂದ ಇಂದುಮತಿ ಟೀಚರ್ ನಿಂತು ಕೇಳಿದರು. "ಕಾಕಾ, ಈ ಹಾಡು ಯಾರ ಕಡೆ ಕಲಿತ್ರಿ?"

"ಕಲಿತಿಲ್ರಿ ಮೇಡಂ. ಈ ಮೇಜಿನ ಮ್ಯಾಲೆ ಕೈ ಇಟ್ರ ತಾನಾಗೇ ಬರ್ತೈತಿ. ಮನ್ಯಾಗ ಹಾಡಂದ್ರ, ಏನೂ ಇಲ್ಲ. ನನ್ನ ಹೆಂಡ್ತಿ ನಾ ಸುಳ್ಳ ಹೇಳ್ತೀನಿ ಅಂತಾಳ್ರಿ."

ಟೀಚರ್ ನಕ್ಕರು. ಆಗಲೇ ಇಸ್ತ್ರಿಗೆ ಸುಟ್ಟ ನನ್ನ ತೂತಿನೊಳಗೆ ಒಂದು ಕೆಂಪು ಅಕ್ಷರ ಕಂಡಿತು. ಅವರ ನಗು ನಿಂತಿತು. ಮೌಲಾಲಿಗೆ ಹೊಸ ಜಮಖಾನೆ ತಂದುಕೊಟ್ಟು ನನ್ನನ್ನು ಮನೆಗೊಯ್ದರು.

ಒಂದು ಮಗ್ಗುಲು ಬಿಚ್ಚಿ ಹಾಡುಗಳನ್ನೆಲ್ಲ ಬರೆದುಕೊಂಡರು. ಪುಸ್ತಕವಾಯಿತು. ಸಭೆಗಳಲ್ಲಿ ಹಾಡಿದರು, ಜನ ಕಣ್ಣೊರೆಸಿಕೊಂಡರು. ಆದರೆ ಪುಸ್ತಕದ ಮೇಲೆ "ಕವಿ ಅಜ್ಞಾತ" ಎಂದಿತ್ತು. ಚಪ್ಪಾಳೆ ಕೇಳಿದಾಗಲೆಲ್ಲ ನನ್ನ ತೆರೆದ ಮೂಲೆಯಲ್ಲಿ ಗಾಳಿ ಸುಯ್ಯೆನ್ನುತ್ತಿತ್ತು.

ಟೀಚರಿಗೂ ಸಮಾಧಾನವಿರಲಿಲ್ಲ. ಒಂದು ಭಾನುವಾರ ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು, ಹರಿದ ಕೊನೆಯ ಹಾಡನ್ನು ಮತ್ತೆ ಮತ್ತೆ ಓದುತ್ತಾ ಕುರ್ಚಿಯಲ್ಲೇ ತೂಕಡಿಸಿದರು. ಎದುರಿಗೆ ಅವರ ತಾಯಿ ಚಂಪವ್ವ ಅವರೆಕಾಳು ಬಿಡಿಸುತ್ತಿದ್ದರು. ನನ್ನ ಬಟ್ಟೆ ಜಾಳಾಗಿತ್ತು. ದಾರವೇ ಇಲ್ಲದ ಸಾಲುಗಳನ್ನು ಅಲ್ಲಿಯವರೆಗೆ ಯಾರೊಳಗೂ ಇಳಿಸಲು ನನಗೆ ಆಗಿರಲಿಲ್ಲ. ಉಳಿದ ಕಸುವನ್ನೆಲ್ಲ ಕೂಡಿಸಿ, ಇಲಿ ತಿಂದ ಆ ಸಾಲುಗಳನ್ನು ಅವರೊಳಗೆ ಇಳಿಸಿದೆ.

ಟೀಚರ ತುಟಿ ಅಲುಗಿತು. ದನಿ ಅವರದಲ್ಲ.

ಹರದ ಸೀರಿಗಳ ಕೂಡಿಸಿ ಹೊಲದೇನ
ಮರತವರಿಗೆಲ್ಲ ಹೊದಿಸೇನ | ಫಕೀರವ್ವ
ಕರೆದರ ಓ ಅಂತ ಬರತೇನ

ಚಂಪವ್ವನ ಕೈಯ ಕಾಳು ಉರುಳಿದವು. "ಇಂದೂ! ಏಳಽ! ಯಾರ ಅಕಿ ಫಕೀರವ್ವ?"

ಟೀಚರ್ ಎದ್ದರು. ಹರಿದ ಅಂಚನ್ನು ಬೆಳಕಿಗೆ ಹಿಡಿದರು. ಇಲಿ ಬಿಟ್ಟ ಒಂದೇ ಒಂದು ಅಕ್ಷರ ಅಲ್ಲಿತ್ತು. ಅದು ಆ ಹೆಸರಿನ ಮೊದಲ ಅಕ್ಷರ. ನಿದ್ದೆಯಲ್ಲಿ ತಾವು ಹಾಡಿದ್ದನ್ನು ತಾಯಿಯಿಂದ ಹೇಳಿಸಿಕೊಂಡರು. ಬಿಳಿ ತೇಪೆಯೊಂದನ್ನು ಕತ್ತರಿಸಿ, ಕೆಂಪು ದಾರದಲ್ಲಿ ಆ ಸಾಲುಗಳನ್ನು ಹೊಲಿದು ಜಾಗಕ್ಕೆ ಕೂರಿಸಿದರು. ಬಿಚ್ಚಿದ ಮಗ್ಗುಲನ್ನು ಮುಚ್ಚುತ್ತಾ ಮೂಲೆಗೆ ಬಂದರು.

"ರೊಟ್ಟಿ ಇಡವಾ, ಹೊಟ್ಟಿ ತುಂಬಿಸ್ಬೇಕು," ಎಂದರು ಚಂಪವ್ವ.

"ತುಂಬೇತಿ ಬಿಡವ್ವಾ."

ಟೀಚರ್ ಹಾಡನ್ನು ಮೊದಲಿನಿಂದ ಹಾಡಿದರು, ಈ ಸಲ ಎಚ್ಚರದಲ್ಲಿ, ತಮ್ಮದೇ ದನಿಯಲ್ಲಿ. ಹೆಸರು ಬಂದ ಕಡೆ ತಡೆಯಲಾರದೆ ಕೂಗಿದರು. "ಫಕೀರವ್ವಾ!"

"ಓ," ಎಂದಿತು ಬಾಗಿಲ ಬಿಸಿಲು.

ತಾಯಿ ಮಗಳ ಮುಖ ನೋಡಿದರು, ಮಗಳು ತಾಯಿಯ ಮುಖ. ಓಗೊಟ್ಟವಳು ನಾನಲ್ಲ. ಸೂಜಿ ನನ್ನ ಮೂಲೆಯಲ್ಲಿ ಕೊನೆಯ ಸಲ ಮುಳುಗಿ ಎದ್ದಿತು, ದಾರ ಬಿಗಿಯಿತು, ಗಂಟು ಬಿತ್ತು.